300 ಮಾತ್ರ ತಯಾರಾದ ವ್ಯಾಕ್ಸ್ ಜಾಕೆಟ್‌ಗೆ 900 ಪೌಂಡ್ ಕೊಡಬಹುದಾ?

ಟೈನ್‌ದಂಡೆ:
ನ್ಯೂಕಾಸಲ್‌ನಲ್ಲಿದ್ದೇನೆ, ಮೂಲ ತೀರ್ಥಹಳ್ಳಿ ಕಡೆ. ಮಳೆಗೆ ಹೆದರುವ ಪೈಕಿ ಅಲ್ಲ, ಆದರೆ ಇಲ್ಲಿನದು ಸುರಿದು ಮುಗಿಸಿ ಹೋಗುವ ಮಳೆಯಲ್ಲ. ದಿನವಿಡೀ ಜಿನುಗುತ್ತಲೇ ಇರುತ್ತದೆ, ಗಾಳಿ ಬೇರೆ. ಒಂದು ಗಟ್ಟಿ ವ್ಯಾಕ್ಸ್ ಜಾಕೆಟ್ (ನೀರು ತಡೆಯಲು ಮೇಣ ಹಾಯಿಸಿದ ಹತ್ತಿ ಬಟ್ಟೆಯದು) ತಗೊಳ್ಳೋಣ ಅಂತ ಅಂಗಡಿಗೆ ಹೋದರೆ ಕಣ್ಣಿಗೆ ಬಿದ್ದದ್ದು ಲಿಮಿಟೆಡ್ ಎಡಿಶನ್. 1930ರ ದಶಕದ ಮೋಟಾರ್‌ಸೈಕಲ್ ಕೋಟಿನ ಮರುರೂಪವಂತೆ, ಒಟ್ಟು ಹೊಲಿದದ್ದೇ 300, ಬೆಲೆ 900 ಪೌಂಡ್. ನಮ್ಮ ದುಡ್ಡಲ್ಲಿ ಲಕ್ಷದ ಮೇಲಾಯಿತು. ಪಕ್ಕದ ಹ್ಯಾಂಗರಿನಲ್ಲೇ ಅದೇ ಕಂಪನಿಯ ಮಾಮೂಲಿ ಜಾಕೆಟ್ 300 ಪೌಂಡ್.

ಎರಡನ್ನೂ ಒಳಮೈ ಹೊರಗೆ ಮಾಡಿ ನೋಡಿದೆ. ದುಬಾರಿಯದರ ಬಟ್ಟೆ ಕೈಗೆ ಭಾರ ಅನ್ನಿಸಿತು, ಮಡಿಸಿದ ಕಡೆ ಮೇಣ ಬಿಳಿ ಗೆರೆಯಾಗಿ ಏಳುತ್ತಿತ್ತು. ಜಿಪ್ ಹಿತ್ತಾಳೆಯದು, ಮೇಲಿಂದಲೂ ಕೆಳಗಿಂದಲೂ ತೆರೆಯುತ್ತದೆ. ಕಾಲರ್‌ಗೆ ಕಾರ್ಡುರಾಯ್, ಆದರೆ ಅದು ಮಾಮೂಲಿಯದಕ್ಕೂ ಇದೆ. ಒಳಜೇಬಿನ ಮೇಲೆ ಒಂದು ಬಿಳಿ ಪಟ್ಟಿ, ಅದರಲ್ಲಿ ಕೈಬರಹದಲ್ಲಿ ನಂಬರ್. ಅಂಗಡಿಯವನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೋರಿಸಿದ್ದು ಆ ಪಟ್ಟಿಯನ್ನೇ. ಎರಡರ ಬಟ್ಟೆಯೂ ಇದೇ ದೇಶದ ಮಿಲ್‌ನದ್ದು ಅಂತಲೂ ಹೇಳಿದ.

ಕೊಳ್ಳುವ ಶಕ್ತಿ ಇದೆ, ಸಾಲ ಮಾಡಬೇಕಿಲ್ಲ. ಹಾಗಂತ ಪೆದ್ದನಾಗಲು ಮನಸ್ಸಿಲ್ಲ. ಬಟ್ಟೆ ಬಲ್ಲವರು ಹೇಳಿ, ಆ ಹೆಚ್ಚಿನ 600 ಪೌಂಡ್ ಎಲ್ಲಿಗೆ ಹೋಗುತ್ತೆ?

ಧಾರವಾಡಪೇಡಾ:
ಎಲ್ಲಿಗೆ ಹೋಗ್ತಾವ ಅಂದ್ರ? ಆ ಬಿಳಿ ಪಟ್ಟಿಗೆ ಹೋಗ್ತಾವ್ರೀ. ನನಗ ಅರ್ಧಾ ರೊಕ್ಕಾ ಕೊಡ್ರಿ, ನಿಮ್ಮ 300ರ ಜಾಕೀಟಿಗೆ ನಾನೇ ನಂಬರ್ ಬರದು ಕೊಡ್ತೀನಿ, ಬೇಕಾದ್ರ ಸಹೀನೂ ಹಾಕ್ತೀನಿ.

ಪೀಣ್ಯದವನು:
ನಕ್ಕೆ ಪೇಡಾ ಅವರೇ, ಆದರೆ ಲೆಕ್ಕ ಅಷ್ಟು ಸಲೀಸಿಲ್ಲ. ಎಕ್ಸ್‌ಪೋರ್ಟ್ ಗಾರ್ಮೆಂಟ್ಸ್‌ನಲ್ಲಿ ಕಾಸ್ಟಿಂಗ್ ಶೀಟ್ ಬರೆದೂ ಬರೆದೂ ತಲೆಕೂದಲು ನರೆತವನು ನಾನು. ಆ ಜಾಕೆಟ್ಟನ್ನು ಮುಟ್ಟಿ ನೋಡಿಲ್ಲ, ಹಾಗಾಗಿ ಇದು ಅಂದಾಜು. ಪೌಂಡ್ ಲೆಕ್ಕದಲ್ಲೇ ಹೋಗೋಣ.

900ರಲ್ಲಿ ಮೊದಲು ಬ್ರಿಟನ್ನಿನ ವ್ಯಾಟ್ ಕಳೆಯಿರಿ. ಶೇ. 20ರ ತೆರಿಗೆ ಬೆಲೆಯೊಳಗೇ ಸೇರಿರುತ್ತದೆ, ಅಂದರೆ 150 ಸರ್ಕಾರಕ್ಕೆ. ಉಳಿದ 750ರಲ್ಲಿ ಹೆಚ್ಚುಕಮ್ಮಿ ಅರ್ಧ ಅಂಗಡಿಯವನದು. ಬಾಡಿಗೆ, ಸಂಬಳ, ಸೀಸನ್ ಕೊನೆಯ ಡಿಸ್ಕೌಂಟ್ ಎಲ್ಲ ಅವನು ಅದರಲ್ಲೇ ನಿಭಾಯಿಸಬೇಕು. ಕಂಪನಿ ಕೈಗೆ ಬಂದದ್ದು 375.

ಇನ್ನು ತಯಾರಿಕೆ. ಉದ್ದ ಕೋಟಿಗೆ ಎರಡೂವರೆ ಮೀಟರ್ ಬಟ್ಟೆ, ಮೀಟರಿಗೆ 20 ಹಿಡಿಯಿರಿ, 50 ಆಯಿತು. ಲೈನಿಂಗ್, ಹಿತ್ತಾಳೆ ಜಿಪ್, ಗುಂಡಿ, ದಾರ, ಲೇಬಲ್ ಸೇರಿ 30. ಕಟಿಂಗು, ಹೊಲಿಗೆಗೆ ಅಲ್ಲಿನ ಕೂಲಿಯಲ್ಲಿ, ಕಾರ್ಖಾನೆಯ ಖರ್ಚೂ ಸೇರಿಸಿ, ಸುಮಾರು 100. ನಾಲ್ಕು ದೊಡ್ಡ ಜೇಬಿರುವ, ಎಲ್ಲ ಸೀಮೂ ಮಡಿಸಿ ಎರಡು ಸಾಲು ಹೊಲಿಗೆ ಹಾಕುವ ಕೋಟು ಕಡಿಮೆ ಹೊತ್ತಿನ ಕೆಲಸವಲ್ಲ. ಒಟ್ಟು 180. ಉಳಿದ 195ರಲ್ಲಿ ಪ್ಯಾಟರ್ನ್, ಸ್ಯಾಂಪಲ್, ಒಂದೊಂದು ಸೈಜಿಗೂ ಅಳತೆ ಹೊಂದಿಸುವ ಗ್ರೇಡಿಂಗ್, ಫೋಟೋ, ಆಫೀಸು, ಲಾಭ. ಈ ತಯಾರಿ ಖರ್ಚು 15,000 ಪೌಂಡ್ ಅಂತಿಟ್ಟುಕೊಳ್ಳಿ. 300 ಕೋಟುಗಳಿಗೆ ಹಂಚಿದರೆ ತಲಾ 50. 30,000 ಕೋಟುಗಳಿಗೆ ಹಂಚಿದರೆ ತಲಾ ಅರ್ಧ ಪೌಂಡ್. ಸಣ್ಣ ಲಾಟ್ ಅಂದರೆ ದುಬಾರಿ ಅನ್ನುವುದು ಬರೀ ನೆಪವಲ್ಲ.

ಈಗ 300ರ ಜಾಕೆಟ್. ವ್ಯಾಟ್ 50, ಅಂಗಡಿಗೆ 125, ಕಂಪನಿಗೆ 125. ದೊಡ್ಡ ಲಾಟ್ ಆದ್ದರಿಂದ ತಯಾರಿಕೆ 65ರ ಹತ್ತಿರ ಇರಬೇಕು. ಗಮನಿಸಿ, ಎರಡರಲ್ಲೂ ಟ್ಯಾಗ್ ಬೆಲೆಯ ಐದನೇ ಒಂದು ಭಾಗ ಮಾತ್ರ ವಸ್ತುವಿನ ಮೇಲೆ ಖರ್ಚಾಗಿದೆ. ಹಾಗಾಗಿ ಬಟ್ಟೆಗೋ ಹೊಲಿಗೆಗೋ ಒಂದು ಪೌಂಡ್ ಹೆಚ್ಚು ಹಾಕಿದರೆ ನಿಮ್ಮ ಬಿಲ್ಲಿನಲ್ಲಿ ಐದು ಪೌಂಡ್ ಏರುತ್ತದೆ. ನಿಮ್ಮ 600 ಪೌಂಡಿಗೆ ಸಿಗುವ ನಿಜವಾದ ಹೆಚ್ಚುವರಿ ಸಾಮಾನು, ಹೆಚ್ಚುವರಿ ದುಡಿಮೆ, ಸುಮಾರು 115 ಪೌಂಡಿನದು. ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಮೂರು ಪಟ್ಟು ಬೆಲೆಗೆ ಮೂರು ಪಟ್ಟು ಬಾಳಿಕೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಟೈನ್‌ದಂಡೆ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಧನ್ಯವಾದ ಸರ್. ಆ 115 ಪೌಂಡಿನ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಾ?

ಪೀಣ್ಯದವನು:
ಕಾಣುತ್ತೆ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ. ಕಂಕುಳ ನೋಡಿ. ಜಾಕೆಟ್ ಮೊದಲು ಸಾಯುವುದೇ ಅಲ್ಲಿ, ಆಮೇಲೆ ತೋಳಿನ ತುದಿ, ಜೇಬಿನ ಮೂಲೆ. ಜೇಬಿನ ಮೂಲೆಯಲ್ಲಿ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾಗಿ ಹಾಕಿದ ಗಟ್ಟಿ ಹೊಲಿಗೆ, ಇದೆಯಾ, ಹಿಂದೆ ಬಟ್ಟೆಯ ತುಂಡು ಇಟ್ಟು ಹೊಲಿದಿದ್ದಾರಾ? ಜಿಪ್ಪಿನ ಬುಡ ಕಿತ್ತುಬರದ ಹಾಗೆ ಮಡಿಕೆಯೊಳಗೆ ಸಿಕ್ಕಿಸಿದ್ದಾರಾ? ಹೊಲಿಗೆ ಬಿಚ್ಚಿ ಜಿಪ್ ಬದಲಿಸಲು ಜಾಗ ಬಿಟ್ಟಿದ್ದಾರಾ? ಇವು ಸರಿಯಿದ್ದರೆ ಕೋಟನ್ನು ಕಟ್ಟಿದವನಿಗೆ ರಿಪೇರಿ ಯೋಚನೆ ಇತ್ತು ಅಂತ ಅರ್ಥ. ಹಿತ್ತಾಳೆ ಗುಂಡಿ, ಕಾಲರಿನ ಕಾರ್ಡುರಾಯ್ ಇವೆಲ್ಲ ಫೋಟೋಗೆ.

ನೂಲುಗಾತಿ:
ನನಗೊಂದು ಅರ್ಥವಾಗಲ್ಲ. ಕೆಎಸ್‌ಐಸಿ ಮಳಿಗೆ ಮುಂದೆ ಮೈಸೂರು ಸಿಲ್ಕ್‌ಗೆ ಸಾಲು ನಿಂತು, ಸ್ಟಾಕ್ ಇಲ್ಲ ಅನ್ನಿಸಿಕೊಂಡು, ಮತ್ತೆ ಮಾರನೇ ವಾರ ಹೋಗುವ ನಮ್ಮಮ್ಮಂದಿರನ್ನು ಯಾರೂ "ಒಂದು ಸಲ ಉಡುವುದಕ್ಕೆ ಎಷ್ಟು ಬಿತ್ತು" ಅಂತ ಕೇಳಲ್ಲ. ಮದುವೆ, ಗೃಹಪ್ರವೇಶ, ಗೌರಿ ಹಬ್ಬ, ಅಷ್ಟೇ ಹೊರಬರುವ ಸೀರೆ. ಗಂಡಸರು ಕೋಟು ಕೊಳ್ಳುವಾಗ ಮಾತ್ರ ಕ್ಯಾಲ್ಕುಲೇಟರ್ ಹೊರಗೆ ಬರುತ್ತೆ. ಇಷ್ಟವಾಯಿತಾ, ದುಡ್ಡಿದೆಯಾ, ತಗೊಳ್ಳಿ. ಚಂದದ್ದಕ್ಕೆ ಬೆಲೆ ಕೊಡುವುದು ಪಾಪವೇನಲ್ಲ.

ಇನ್ನೊಂದು ವಿಷಯ. ಈ ಹೆರಿಟೇಜ್ ಮರುರೂಪಗಳೆಲ್ಲ ಸೈನಿಕನ ಕೋಟು, ಪೈಲಟ್ ಕೋಟು, ಬೈಕ್ ಸವಾರನ ಕೋಟು. ಅಳತೆಯೂ ಅವರದೇ. ಅತಿ ಸಣ್ಣ ಸೈಜ್ ಹಾಕಿದರೂ ನನ್ನ ಭುಜ ಅದರೊಳಗೆ ಕಳೆದುಹೋಗುತ್ತೆ. ಹೆಂಗಸರಿಗೆ ಅಂತ ಮಾಡಿದ ಕೋಟಿನಲ್ಲಿ ಜೇಬು ಕಡಿಮೆ. ಪರಂಪರೆಯಲ್ಲೂ ನಮಗೆ ಜೇಬಿಲ್ಲ ನೋಡಿ.

ಪೀಣ್ಯದವನು:
ಸೀರೆ ಮಾತು ಒಪ್ಪಿದೆ ಮೇಡಂ. ಆದರೆ ಒಂದು ವ್ಯತ್ಯಾಸ ಇದೆ. ಮೈಸೂರು ಸಿಲ್ಕ್ ಸೀರೆಯ ಮೇಲೂ ಒಂದು ಕೋಡ್ ನಂಬರ್ ಇರುತ್ತೆ, ಹೊಲೋಗ್ರಾಮೂ ಇರುತ್ತೆ. ಆ ನಂಬರ್ ಹೇಳುವುದೇನು? ರೇಷ್ಮೆ ಅಸಲಿ, ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ, 1912ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ಬಂದಿದೆ ಅಂತ. ಏನಾದರೂ ಹೆಚ್ಚುಕಮ್ಮಿ ಆದರೆ ಕೇಳುವ ಜಾಗ ಇದೆ ಅಂತ. ಜಾಕೆಟ್ಟಿನ 300ರಲ್ಲಿ ಇಷ್ಟನೆಯದು ಅನ್ನುವ ನಂಬರ್ ಬಟ್ಟೆಯ ಬಗ್ಗೆ ಒಂದಕ್ಷರವನ್ನೂ ಹೇಳಲ್ಲ. ಬೇರೆಯವರಿಗೆ ಸಿಗಲ್ಲ ಅಂತ ಮಾತ್ರ ಹೇಳುತ್ತೆ. ಮೊದಲನೆಯದಕ್ಕೆ ನಾನು ದುಡ್ಡು ಕೊಡ್ತೀನಿ.

ನೂಲುಗಾತಿ:
ಇದು ಸರಿಯಾದ ಮಾತು. ಒಪ್ಪಿದೆ. ಜೇಬಿನ ವಿಷಯಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ಹಳೇಬಟ್ಟೆ:
ತಡವಾಗಿ ಬಂದೆ. ಟೊರಾಂಟೊದಲ್ಲಿದ್ದೇನೆ, ಹಳೆಯ ಕೋಟುಗಳನ್ನು ಕೊಂಡು, ಸರಿಮಾಡಿ, ಹಾಕಿಕೊಂಡು ಮಾರುವ ಚಟ.

ಟೈನ್‌ದಂಡೆ, ನೀವಿರುವ ಜಾಗವೇ ಈ ಕೋಟುಗಳ ತವರುಮನೆ. ವ್ಯಾಕ್ಸ್ ಜಾಕೆಟ್ಟಿಗೆ ಹೆಸರಾದ ಬಾರ್ಬರ್ ಕಂಪನಿ ಶುರುವಾದದ್ದು 1894ರಲ್ಲಿ, ನಿಮ್ಮ ಪಕ್ಕದ ಸೌತ್ ಶೀಲ್ಡ್ಸ್‌ನಲ್ಲಿ. ಗಿರಾಕಿಗಳು ಮೀನುಗಾರರು, ನಾವಿಕರು, ಬಂದರಿನ ಕೂಲಿಗಳು. ಮೊದಲು ಬಟ್ಟೆಗೆ ಎಣ್ಣೆ ಸವರುತ್ತಿದ್ದರು. ಅಗಸೆ ಎಣ್ಣೆಯ ಬಟ್ಟೆ ಚಳಿಗೆ ಸೆಟೆದುಕೊಳ್ಳುತ್ತಿತ್ತು, ಬರುಬರುತ್ತಾ ಹಳದಿಯಾಗುತ್ತಿತ್ತು. 1930ರ ದಶಕದಲ್ಲಿ ಪ್ಯಾರಾಫಿನ್ ಮೇಣ ಹಾಯಿಸಿದ ಹತ್ತಿ ಬಟ್ಟೆ ಬಂದಮೇಲೆ ಈಗಿನ ರೂಪ ಬಂತು. 1936ರ ಇಂಟರ್‌ನ್ಯಾಷನಲ್ ಸೂಟು ಬೈಕ್ ಸವಾರರಿಗೆ, ಆರು ದಿನಗಳ ಟ್ರಯಲ್ ಅನ್ನುವ ಬೈಕ್ ಸ್ಪರ್ಧೆಗೆ ಅಂತ ಮಾಡಿದ್ದು. 1964ರಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ಅದೇ ಟ್ರಯಲ್‌ಗೆ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಅದನ್ನೇ ಹಾಕಿಕೊಂಡು ಹೋದ, ಕಂಪನಿ ಇಂದಿಗೂ ಅವನ ಹೆಸರಲ್ಲಿ ಕೋಟು ಮಾರುತ್ತಿದೆ. ಇಂಥವನ್ನೆಲ್ಲ ದುಡಿಯುವವರ ಬಟ್ಟೆ ಅಂತ ಮಾಡಿದ್ದು, ಶೋಕಿಗಲ್ಲ. ಬಾರ್ಬರ್‌ನ ಬೆಡೇಲ್ ಜಾಕೆಟ್ ಬಂದದ್ದು 1980ರಲ್ಲಿ, ಬ್ಯೂಫರ್ಟ್ 1983ರಲ್ಲಿ. ಇವತ್ತು ಎಲ್ಲರೂ ತಲೆತಲಾಂತರದ್ದು ಅಂದುಕೊಂಡಿರುವ ಆ ಮಾದರಿಗಳಿಗೆ ನನಗಿಂತ ಕಡಿಮೆ ವಯಸ್ಸು.

ಈಗ ಲಿಮಿಟೆಡ್ ವಿಷಯ. ಟೊಕಿಹಿಟೊ ಯೊಶಿದಾ ಅನ್ನುವ ಜಪಾನಿನ ವಿನ್ಯಾಸಕಾರ ಬಾರ್ಬರ್ ಜೊತೆ ಸೇರಿ ಒಂದು ಸ್ಪೋರ್ಟ್ಸ್ ಜಾಕೆಟ್ ಮಾಡಿದ್ದ. 2012ರ ಬಾಂಡ್ ಸಿನಿಮಾದಲ್ಲಿ ಡೇನಿಯಲ್ ಕ್ರೇಗ್ ಅದನ್ನು ಹಾಕಿಕೊಂಡ, ಅಷ್ಟೇ. ಕೈಬದಲಾಗುವ ಮಾರುಕಟ್ಟೆಯಲ್ಲಿ ಮೂಲ ಬೆಲೆಯ ಹಲವು ಪಟ್ಟು ಏರಿತು. ಆಮೇಲೇನಾಯಿತು? ಅದೇ ಮಾದರಿಯನ್ನು ಅಲ್ಪಸ್ವಲ್ಪ ಬದಲಿಸಿ ಕಂಪನಿಯೇ ಮತ್ತೆ ತಂದಿತು. ಕಲೆಕ್ಟರ್‌ಗಳು ಮೂಲದ್ದೇ ಬೇಕು ಅಂತ ಹಠ ಹಿಡಿದರು, ಹಾಕಿಕೊಳ್ಳಲು ಬೇಕಾದವರು ಹೊಸದನ್ನು ಕೊಂಡು ಸುಮ್ಮನಾದರು. ಅದಕ್ಕೇ ಕೇಳುತ್ತೇನೆ, ನಿಮಗೆ ಬೇಕಾದದ್ದು ಎರಡರಲ್ಲಿ ಯಾವುದು?

ಮುಂದೆ ಮಾರಿದರೆ ಲಾಭ ಬರುತ್ತೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೆಲೆ ಏರುವುದು ನೂರರಲ್ಲಿ ಒಂದೆರಡಕ್ಕೆ, ಅದೂ ಹಾಕದೆ ಇಟ್ಟಿದ್ದರೆ. ವ್ಯಾಕ್ಸ್ ಜಾಕೆಟ್ ಹಾಕದೆ ಇಡುವುದು ಅಂದರೆ ಮೇಣ ಒಣಗಿಸುವುದು.

ಬುಲೆಟ್‌ಮಂಜ:
ಬೆಂಗಳೂರಿನಿಂದ. ನಾನು ಇನ್ನೊಂದು ಕಡೆಯವನು, ಚರ್ಮದ ಕಡೆ. ಜಪಾನಿನ ಕೆಲವು ಕಂಪನಿಗಳು, ಕೋಬೆಯ ರಿಯಲ್ ಮೆಕಾಯ್ಸ್, ಟೋಯೊ ಎಂಟರ್‌ಪ್ರೈಸ್‌ನವರ ಬಜ್ ರಿಕ್ಸನ್ಸ್, ಅಮೆರಿಕದ ಹಳೆ ಮಿಲಿಟರಿ ಜಾಕೆಟ್ಟುಗಳನ್ನು ದಾರದವರೆಗೂ ನಕಲು ಮಾಡುತ್ತವೆ. ಎ-2 ಪೈಲಟ್ ಜಾಕೆಟ್ 1931ರಲ್ಲಿ ಅಮೆರಿಕದ ಸೇನೆಗೆ ಬಂತು, 1943ರಲ್ಲಿ ನಿಂತಿತು. ಆ ಹನ್ನೆರಡು ವರ್ಷದಲ್ಲಿ ಯಾವ ಕಾಂಟ್ರಾಕ್ಟರ್ ಕಾಲರ್ ಹೇಗೆ ಕತ್ತರಿಸುತ್ತಿದ್ದ, ಯಾವ ಜಿಪ್ ಹಾಕುತ್ತಿದ್ದ ಅಂತ ತನಿಖೆ ಮಾಡಿ, ಒಬ್ಬೊಬ್ಬನದನ್ನೂ ಬೇರೆ ಬೇರೆ ಹೊಲಿಯುತ್ತಾರೆ. ಕುದುರೆ ಚರ್ಮ. ಬೆಲೆ ಲಕ್ಷ ದಾಟುತ್ತೆ.

ಸ್ನೇಹಿತನದೊಂದು ಹಾಕಿ ನೋಡಿದ್ದೇನೆ. ಮೊದಲು ತಗಡು ಹಾಕಿಕೊಂಡ ಹಾಗೆ, ಕೈ ಮಡಿಸಿದರೆ ಕಿರ್ ಅನ್ನುತ್ತೆ. ಅವನು ಆರು ತಿಂಗಳು ಹಾಕಿದ ಮೇಲೆ ನೋಡಿದರೆ ಮೊಣಕೈ ಹತ್ತಿರ ಅವನ ಕೈಯದೇ ಮಡಿಕೆ ಕೂತಿತ್ತು. ಬೇರೆ ಯಾರ ಕೈಗೂ ಅದು ಕೂರಲ್ಲ. ಈ ಥರದ್ದನ್ನು ಕಾಸ್ಟಿಂಗ್ ಶೀಟಲ್ಲಿ ಎಲ್ಲಿ ಬರೀತೀರಿ ಪೀಣ್ಯ ಸರ್? ಇಷ್ಟಾಗಿ ಸೇಫ್ಟಿಗೆ ಅದನ್ನು ನಂಬಿ ಬೈಕ್ ಓಡಿಸಲ್ಲ. ರೈಡಿಂಗ್‌ಗೆ ಪ್ಯಾಡ್ ಇರುವ ಜಾಕೆಟ್ಟೇ ಬೇಕು. ಇದು ಸಂಜೆ ಕಾಫಿಗೆ ಹೋಗುವ ಜಾಕೆಟ್.

ಪೀಣ್ಯದವನು:
ಬರೆಯಲ್ಲ. ಅದು ನಿಮ್ಮ ಸ್ನೇಹಿತ ಸೇರಿಸಿದ್ದು, ಕಂಪನಿಯಲ್ಲ. ನನ್ನ ಹಳೇ ರೆಕ್ಸಿನ್ ಬ್ಯಾಗಿಗೂ ನನ್ನ ಭುಜದ ಗುರುತಿದೆ.

ಕರಾವಳಿಯಂವ:
ಎಂಥ ಮಾರಾಯ್ರೆ, ಇಷ್ಟು ಮಾತಾಡಿದ್ರಿ, ಇಡುವುದು ಎಲ್ಲಿ ಅಂತ ಯಾರೂ ಹೇಳಲಿಲ್ಲ. ಊರಿಗೆ ತರುವ ಯೋಚನೆ ಉಂಟಾ? ಭಾವ ಲಂಡನ್ನಿಂದ ಒಂದು ವ್ಯಾಕ್ಸ್ ಜಾಕೆಟ್ ತಂದು ಉಡುಪಿ ಮನೆಯ ಕಪಾಟಿನಲ್ಲಿ ತೂಗುಹಾಕಿ ಹೋದರು. ಮಳೆಗಾಲ ಮುಗಿಸಿ ಬಾಗಿಲು ತೆಗೆದರೆ ಬೆನ್ನಿಗೆ ಪೂರಾ ಬೂಷ್ಟು, ಪಕ್ಕದ ಅತ್ತೆಯ ಸೀರೆಗೂ ಮೇಣದ ಕಲೆ. ಅತ್ತೆ ಇವತ್ತಿಗೂ ಅದನ್ನು ಎತ್ತಾಡುತ್ತಾರೆ. ಮೆಷಿನ್‌ಗೆ ಹಾಕುವ ಹಾಗಿಲ್ಲ, ಡ್ರೈಕ್ಲೀನ್ ಮಾಡಿಸುವ ಹಾಗಿಲ್ಲ, ಮೇಣ ಹೋಗುತ್ತದೆ. ತಣ್ಣೀರಲ್ಲಿ ಸ್ಪಂಜಿನಿಂದ ಒರೆಸಬೇಕಂತೆ. ವಾಸನೆ ಬೇರೆ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವಷ್ಟು. ನಮ್ಮ ಸೆಖೆಗೆ ಅದನ್ನು ಹಾಕಿದರೆ ಹೊರಗಿನ ನೀರು ಒಳಗೆ ಬಾರದಿದ್ದರೂ ಒಳಗಿನ ಬೆವರಲ್ಲೇ ಒದ್ದೆ.

ಹಿಮದಜಾಡು:
ಬೆವರಿನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಹೆರಿಟೇಜ್ ಬಟ್ಟೆಗಳಲ್ಲಿ ಬೆಲೆಗೆ ಕಾರಣ ತೋರಿಸಬಲ್ಲದ್ದು ಯಾವುದು ಅಂತ ಕೇಳಿದರೆ ನನ್ನ ಉತ್ತರ ವೆಂಟೈಲ್ ಅನ್ನುವ ಹತ್ತಿ ಬಟ್ಟೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿಗೆ ಅಗಸೆ ನಾರಿನ ಕೊರತೆಯ ಭಯ. ಬೆಂಕಿ ಆರಿಸುವ ಹೋಸ್ ಪೈಪಿಗೆ ಅದೇ ಬೇಕಿತ್ತು. ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನವರು ಬದಲಿಗೆ ಹತ್ತಿಯನ್ನೇ ಅತಿ ದಟ್ಟವಾಗಿ ನೇಯುವ ದಾರಿ ಹುಡುಕಿದರು. ಉದ್ದ ಎಳೆಯ ಹತ್ತಿ, ಮೇಲೆ ರಬ್ಬರಿಲ್ಲ, ಮೇಣವಿಲ್ಲ. ನೀರು ತಾಗಿದ ಕೂಡಲೇ ಎಳೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಗಾಳಿಯಾಡುತ್ತದೆ. ಉತ್ತರದ ತಣ್ಣನೆಯ ಕಡಲಿಗೆ ಬಿದ್ದ ಪೈಲಟ್‌ಗಳು ಕೆಲವೇ ನಿಮಿಷದಲ್ಲಿ ಸಾಯುತ್ತಿದ್ದರು. ಈ ಬಟ್ಟೆಯ ಸೂಟು ಬಂದ ಮೇಲೆ ಇಪ್ಪತ್ತು ನಿಮಿಷದವರೆಗೂ ತಾಳುವಂತಾಯಿತು. ಅಷ್ಟರಲ್ಲಿ ದೋಣಿ ಬರುವ ಸಾಧ್ಯತೆ ಇತ್ತು.

ಹಳೆಯದೆಲ್ಲ ತೋರಿಕೆಯದು ಅನ್ನುವವರಿಗೆ ಇನ್ನೊಂದು. 1924ರಲ್ಲಿ ಎವರೆಸ್ಟಿನಲ್ಲಿ ಕಳೆದುಹೋದ ಪರ್ವತಾರೋಹಿ ಮ್ಯಾಲರಿಯ ಬಟ್ಟೆಗಳನ್ನು, ರೇಷ್ಮೆ, ಉಣ್ಣೆ, ಮೇಲೆ ದಟ್ಟ ನೇಯ್ಗೆಯ ಗ್ಯಾಬರ್ಡೀನ್, ತದ್ರೂಪ ಮಾಡಿ 2006ರಲ್ಲಿ ಗ್ರಹಾಂ ಹಾಯ್ಲಂಡ್ ಎವರೆಸ್ಟಿನ ಬುಡದಲ್ಲಿ ಹಾಕಿಕೊಂಡು ನೋಡಿದರು. ಹಗುರ, ಬೆಚ್ಚಗೆ, ಓಡಾಡಲು ಸಲೀಸು ಅಂತ ಕಂಡುಬಂತು. ಟ್ವೀಡ್ ಕೋಟು ಹಾಕಿ ಪಿಕ್ನಿಕ್ಕಿಗೆ ಹೋದ ಹಾಗೆ ಹೋದರು ಅಂತ ನಗುತ್ತಿದ್ದವರು ಬಾಯಿ ಮುಚ್ಚಿಕೊಂಡರು.

ಹಾಗಂತ ನಾನು ಟ್ರೆಕ್ಕಿಗೆ ಹಾಕುವುದು ಗೋರ್‌ಟೆಕ್ಸ್, ಈಗಿನ ಸಿಂಥೆಟಿಕ್ ಮಳೆಬಟ್ಟೆ. ವೆಂಟೈಲ್ ನೆನೆದರೆ ಭಾರ, ಗಡಸು, ಒಣಗಲು ರಾತ್ರಿಯೇ ಬೇಕು. ಕುಮಾರಪರ್ವತದಂಥ ಕಡೆ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಊರೊಳಗೆ ಓಡಾಡುವವರಿಗೆ ಇಷ್ಟು ಹಿತವಾದ ಮಳೆಬಟ್ಟೆ ಇನ್ನೊಂದಿಲ್ಲ. ನಿಮ್ಮ ನ್ಯೂಕಾಸಲ್ಲಿನವರೇ ಆದ ನೈಜೆಲ್ ಕೇಬರ್ನ್ ಇಂಥ ಹಳೆಯ ಪರ್ವತಾರೋಹಣದ ಕೋಟುಗಳನ್ನೇ ಸಂಗ್ರಹಿಸಿ, 1953ರ ಎವರೆಸ್ಟ್ ಆರೋಹಣಕ್ಕೆ 50 ವರ್ಷವಾದಾಗ ಅದರ ಹೆಸರಲ್ಲೇ ಪಾರ್ಕಾ ಹೊಲಿಸಿದವರು. ಹೋಗಿ ಒಮ್ಮೆ ಮುಟ್ಟಿ ನೋಡಿ. ಮುಟ್ಟುವುದಕ್ಕೆ ದುಡ್ಡಿಲ್ಲ.

ಧಾರವಾಡಪೇಡಾ:
ಇಷ್ಟೆಲ್ಲಾ ಓದಿ ನನಗ ನಮ್ಮ ಕಂಬಳಿ ನೆನಪಾತು. ಮಳೀ ಹತ್ತಿತಂದ್ರ ನಮ್ಮ ಮುತ್ಯಾ ಕಂಬಳಿ ಕೊಪ್ಪಿ ಮಾಡಿ ತಲೀ ಮ್ಯಾಲ ಹಾಕ್ಕೊಂಡು ಹೊಲಕ್ಕ ಹೋಗಾಂವ. ದಖ್ಖನಿ ಕುರಿ ಉಣ್ಣಿ, ಹಾಸಿನ ನೂಲಿಗೆ ಹುಣಸೀ ಬೀಜದ ಗಂಜಿ ಕೊಟ್ಟು ಗುಂಡಿ ಮಗ್ಗದಾಗ ನೇಯೂದು. ನೀರು ಮ್ಯಾಲೆ ಮುತ್ತಿನಂಗ ನಿಂತು ಜಾರತಿತ್ತು. ಅದೂ ಕೈ ಕೆಲಸ, ಅದೂ ಸಣ್ಣ ಲಾಟ್, ಅದೂ ಹೆರಿಟೇಜ್. ಚಳ್ಳಕೆರೆ ಸಂತ್ಯಾಗ ಅದಕ್ಕ ಚೌಕಾಸಿ ಮಾಡಿ ನೂರು ರೂಪಾಯಿ ಇಳಸ್ತೀವಿ. ಅಲ್ಲಿ ಲಕ್ಷ ಕೊಟ್ಟು ಥ್ಯಾಂಕ್ಯೂ ಅಂತೀವಿ. ಇದಕ್ಕೇನಂತೀರಿ?

ನೂಲುಗಾತಿ:
ಪೇಡಾ ಅವರ ಪ್ರಶ್ನೆಗೆ ಸ್ಕಾಟ್‌ಲೆಂಡಿನಲ್ಲಿ ಒಂದು ಉತ್ತರ ಇದೆ. ಹ್ಯಾರಿಸ್ ಟ್ವೀಡ್. ಅದಕ್ಕೆ ಅಂತಲೇ 1993ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆ ಮಾಡಿದೆ. ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಹಾಕಿ ನೂತ ಹೊಸ ಉಣ್ಣೆ ಆಗಿರಬೇಕು, ದ್ವೀಪದವರು ತಮ್ಮ ಮನೆಯಲ್ಲೇ ಕೈಯಾರೆ ನೇಯ್ದಿರಬೇಕು, ಅಲ್ಲೇ ಫಿನಿಶಿಂಗ್ ಆಗಬೇಕು. ಮಗ್ಗ ಓಡುವುದು ಕಾಲಿನ ಪೆಡಲಿಂದ, ಕರೆಂಟಿನಿಂದಲ್ಲ. ಪರೀಕ್ಷೆ ಆದ ಬಟ್ಟೆಗೇ ಗೋಳ ಮತ್ತು ಶಿಲುಬೆಯ ಮುದ್ರೆ. ನಮ್ಮ ಕಂಬಳಿಗೆ ಹಾಗೊಂದು ಕಾಯ್ದೆ ಇಲ್ಲ. ಯಾವುದೋ ಮಿಲ್ಲಿನ ಸಿಂಥೆಟಿಕ್ ಕೂಡ ಕಂಬಳಿ ಅಂತಲೇ ಮಾರಾಟವಾಗುತ್ತೆ. ಬೆಲೆ ಎಲ್ಲಿಂದ ಬರಬೇಕು?

ಕಾಯ್ದೆ ಇದ್ದಮಾತ್ರಕ್ಕೆ ಎಲ್ಲ ಸರಿಯೂ ಹೋಗಲ್ಲ. 2006ರಲ್ಲಿ ಬ್ರಯಾನ್ ಹ್ಯಾಗಸ್ ಅನ್ನುವ ಯಾರ್ಕ್‌ಷೈರಿನ ಉದ್ಯಮಿ ಅಲ್ಲಿನ ಅತಿ ದೊಡ್ಡ ಮಿಲ್ ಕೊಂಡರು. ಎಂಟು ಸಾವಿರದಷ್ಟಿದ್ದ ವಿನ್ಯಾಸಗಳನ್ನು ನಾಲ್ಕಕ್ಕೆ ಇಳಿಸಿದರು, ಬಟ್ಟೆಯನ್ನು ಬೇರೆಯವರಿಗೆ ಮಾರುವುದನ್ನು ನಿಲ್ಲಿಸಿ ತಮ್ಮದೇ ಜಾಕೆಟ್ಟುಗಳಿಗೆ ಬಳಸಿದರು. ನೇಕಾರರ ಮಗ್ಗಗಳು ನಿಂತವು. ಮಾರನೇ ವರ್ಷ ಶಾಬೋಸ್ಟ್ ಊರಿನ ಮುಚ್ಚಿದ್ದ ಮಿಲ್ ಹೊಸಬರ ಕೈಯಲ್ಲಿ ತೆರೆದ ಮೇಲೆ ಉಸಿರಾಡುವಂತಾಯಿತು. ಹ್ಯಾಗಸ್ ಅವರ ಆ ಜಾಕೆಟ್ಟುಗಳಿಗೂ ಅದೇ ಮುದ್ರೆ, ಅದೇ ಪರಂಪರೆ. ಆದ್ದರಿಂದ ಕೋಟು ಕೊಳ್ಳುವಾಗ ನಾನು ನೋಡುವುದು ಲೇಬಲ್ಲಿನಲ್ಲಿ ಮಿಲ್ಲಿನ ಹೆಸರು ಇದೆಯಾ ಅಂತ. ಹೆಸರು ಹೇಳಲು ಹಿಂಜರಿಯುವವರು "ಶ್ರೇಷ್ಠ ಬ್ರಿಟಿಷ್ ಬಟ್ಟೆ" ಅಂತ ಬರೆದು ಸುಮ್ಮನಾಗುತ್ತಾರೆ.

ಸಂಶಯಿ:
ಮಿತ ಆವೃತ್ತಿ, ಪರಂಪರೆ, ಕುಶಲಕರ್ಮಿ! 2018ರಲ್ಲಿ ಬ್ರಿಟನ್ನಿನ ದುಬಾರಿ ಫ್ಯಾಷನ್ ಕಂಪನಿ ಬರ್ಬೆರಿಯ ವಾರ್ಷಿಕ ವರದಿಯಲ್ಲೇ ಇತ್ತಲ್ಲ, ಮಾರಾಟವಾಗದ ಸರಕನ್ನು ಒಂದೇ ವರ್ಷದಲ್ಲಿ 28.6 ಮಿಲಿಯನ್ ಪೌಂಡಿನಷ್ಟು ನಾಶ ಮಾಡಿದ್ದು. ಕಡಿಮೆ ಬೆಲೆಗೆ ಮಾರಿದರೆ ಹೆಸರು ಕೆಡುತ್ತೆ ಅಂತ. ಜನ ಉಗಿದ ಮೇಲೆ ಅದೇ ಸೆಪ್ಟೆಂಬರಲ್ಲಿ ನಿಲ್ಲಿಸಿದೆವು ಅಂದರು. 1879ರಲ್ಲಿ ಗ್ಯಾಬರ್ಡೀನ್ ಕಂಡುಹಿಡಿದ ಮನೆತನದ ಕಥೆ ಇದು. ಇನ್ನು ನಿಮ್ಮ 300 ಕೋಟುಗಳ ಕಂಪನಿ ಯಾವ ಮಹಾ. ಇನ್ನೊಂದು ವರ್ಷಕ್ಕೆ ಬಣ್ಣ ಬದಲಿಸಿ "ಎರಡನೇ ಸರಣಿ" ಅಂತ ಇನ್ನೊಂದು 300 ಬಿಡುತ್ತಾರೆ. ಬರೆದಿಟ್ಟುಕೊಳ್ಳಿ.

ಪೀಣ್ಯದವನು:
ಸುಟ್ಟದ್ದು ಲಿಮಿಟೆಡ್ ಮಾಡದೆ ಹೆಚ್ಚು ಹೊಲಿಸಿದ್ದರಿಂದ ಸ್ವಾಮಿ. 300 ಅಂತ ಮೊದಲೇ ನಿರ್ಧರಿಸಿ 300 ಮಾರುವವನು ಆ ವಿಷಯದಲ್ಲಿ ಮೇಲು. ಮಧ್ಯವರ್ತಿ ಇಲ್ಲದೆ ನೇರ ಮಾರುವವರೂ ಇದ್ದಾರೆ, ಮ್ಯಾಂಚೆಸ್ಟರಿನ ಪ್ರೈವೇಟ್ ವೈಟ್ ವಿ.ಸಿ. ಥರದ ಕಾರ್ಖಾನೆಗಳು. ವೆಂಟೈಲ್ ಕೋಟೂ ಮಾಡುತ್ತಾರೆ. ಅಲ್ಲಿ ನಾನು ಹೇಳಿದ ಐದರ ಗುಣಾಕಾರ ಮೂರಕ್ಕೋ ಅದಕ್ಕೂ ಕೆಳಗೋ ಇಳಿಯಬೇಕು. ಬೆಲೆ ಅಗ್ಗವೇನಲ್ಲ, ಆದರೆ ಕೊಟ್ಟ ದುಡ್ಡಿನ ಹೆಚ್ಚು ಪಾಲು ಹೊಲಿಗೆ ಮೇಜಿಗೆ ಹೋಗುತ್ತೆ.

ಟೈನ್‌ದಂಡೆ:
ಎಲ್ಲ ಓದಿ ನಿನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಪೀಣ್ಯ ಸರ್ ಹೇಳಿದ ಹಾಗೆ ಕಂಕುಳು, ಜೇಬಿನ ಮೂಲೆ ನೋಡಿದೆ. ಕಂಕುಳ ಹೊಲಿಗೆ ಎರಡರಲ್ಲೂ ಒಂದೇ. ಜೇಬಿನ ಮೂಲೆಗೆ ದುಬಾರಿಯದರಲ್ಲಿ ಹಿಂದೆ ತುಂಡು ಬಟ್ಟೆ ಇದೆ, ಮಾಮೂಲಿಯದರಲ್ಲಿ ಇಲ್ಲ. ರಿಪೇರಿ ಬಗ್ಗೆ ಕೇಳಿದೆ. ಮಾಮೂಲಿ ಜಾಕೆಟ್ಟಿಗೆ ಬಿಡಿಭಾಗ ಯಾವಾಗಲೂ ಇರುತ್ತೆ. ಲಿಮಿಟೆಡ್‌ನ ಆ ಜಿಪ್ಪು, ಆ ಬಣ್ಣದ ಬಟ್ಟೆ ಮುಗಿದರೆ ಮುಗಿಯಿತು, ಹತ್ತಿರದ್ದು ಹಾಕಿ ಕೊಡುತ್ತೇವೆ ಅಂದ. ಹೆಚ್ಚು ದುಡ್ಡು ಕೊಟ್ಟವನಿಗೇ ರಿಪೇರಿ ಕಷ್ಟ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ.

ಹಾಗಾಗಿ ಅದನ್ನು ಬಿಟ್ಟೆ. ವೆಂಟೈಲ್ ಮುಟ್ಟಿದೆ, ಅದರ ಆಸೆ ಹತ್ತಿದೆ, ಅದು ಮುಂದಿನ ವರ್ಷದ ಬೋನಸ್ಸಿಗೆ. ಸದ್ಯಕ್ಕೆ ಹಳೆಯ ಬ್ಯೂಫರ್ಟ್ ಒಂದು ಆನ್‌ಲೈನಿನಲ್ಲಿ 90 ಪೌಂಡಿಗೆ ಸಿಗುತ್ತಿದೆ. ಫೋಟೋದಲ್ಲಿ ಮೊಣಕೈ ಒಣಗಿ ಬೆಳ್ಳಗಾಗಿದೆ, ಎಡ ತೋಳಿನ ತುದಿ ಸವೆದಿದೆ, ಹರಿದಿಲ್ಲ. ಹಳೇಬಟ್ಟೆ ಅವರೇ, ತಗೊಳ್ಳಬಹುದಾ? ಮೇಣ ಮನೆಯಲ್ಲೇ ಹಚ್ಚಬಹುದಾ?

ಹಳೇಬಟ್ಟೆ:
ಬೆಳ್ಳಗಾಗಿರುವುದು ಮೇಣ ಹೋಗಿದ್ದಕ್ಕೆ, ಹೆದರಬೇಡಿ. ಮಾರುವವರನ್ನು ಎರಡು ಕೇಳಿ: ಯಾವತ್ತಾದರೂ ಮೆಷಿನ್‌ಗೋ ಡ್ರೈಕ್ಲೀನಿಗೋ ಹಾಕಿದ್ದರಾ, ಮತ್ತೆ ಕಂಕುಳ ಒಳಗಿನ ಫೋಟೋ. ಡ್ರೈಕ್ಲೀನ್ ಆಗಿದ್ದರೆ ಬಿಟ್ಟುಬಿಡಿ, ಮೇಣ ಸರಿಯಾಗಿ ಹಿಡಿಯಲ್ಲ. ತೋಳಿನ ತುದಿಗೆ ಪೈಪಿಂಗ್ (ಅಂಚಿಗೆ ಸುತ್ತಿ ಹೊಲಿಯುವ ಪಟ್ಟಿ) ಹಾಕಿಸಬಹುದು, ಹೆಚ್ಚಿನ ಖರ್ಚಿಲ್ಲ.

ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ಕರಗಿಸಿಕೊಳ್ಳಿ. ಹಳೆಯ ಪೇಪರ್ ಹಾಸಿ, ಸ್ಪಂಜಿನಿಂದ ತೆಳ್ಳಗೆ ಉಜ್ಜುತ್ತಾ ಹೋಗಿ. ಹೊಲಿಗೆ ಸಾಲುಗಳಿಗೆ ಎರಡು ಸಲ. ಕಾರ್ಡುರಾಯ್‌ಗೆ, ಜೇಬಿನ ಒಳಗೆ ತಾಗಿಸಬೇಡಿ. ಆಮೇಲೆ ಹೇರ್ ಡ್ರೈಯರ್ ಹಿಡಿದರೆ ಮೇಣ ಸಮನಾಗಿ ಕೂರುತ್ತೆ. ಒಂದು ರಾತ್ರಿ ಬೇರೆ ಬಟ್ಟೆಗಳಿಂದ ದೂರ ತೂಗುಹಾಕಿ, ಕರಾವಳಿಯವರ ಅತ್ತೆಯ ಕಥೆ ಆಗಬಾರದು. ಅಥವಾ ನೀವಿರುವುದೇ ಹತ್ತಿರ, ಸೌತ್ ಶೀಲ್ಡ್ಸ್‌ನ ಕಾರ್ಖಾನೆಗೇ ಕಳಿಸಿದರೆ ಮೇಣ ಹಚ್ಚಿ, ರಿಪೇರಿ ಮಾಡಿ ಕೊಡುತ್ತಾರೆ. ಚಳಿಗಾಲಕ್ಕೆ ಮೊದಲು ಎಲ್ಲರೂ ಕಳಿಸುವುದರಿಂದ ತಡವಾಗುತ್ತೆ, ಬೇಸಿಗೆಯಲ್ಲೇ ಕಳಿಸಿಬಿಡಿ.

ಟೈನ್‌ದಂಡೆ:
ಕೇಳಿದೆ, ಡ್ರೈಕ್ಲೀನ್ ಮಾಡಿಸಿಲ್ಲವಂತೆ. ಸೈಜ್ 42. ನನ್ನ ಎದೆ 40. ಒಳಗೆ ಸ್ವೆಟರ್ ಹಾಕುತ್ತೇನೆ, ಸಾಕಾಗುತ್ತಾ?

ಹಳೇಬಟ್ಟೆ:
ಬ್ಯೂಫರ್ಟ್ ದೊಗಳೆಯಾಗೇ ಬರುತ್ತೆ. ಸ್ವೆಟರ್ ದಪ್ಪ ಇದ್ದರೆ 42, ಇಲ್ಲದಿದ್ದರೆ 40 ಸಿಗುವವರೆಗೆ ಕಾಯಿರಿ. ಭುಜದಿಂದ ಭುಜಕ್ಕೆ ಅಳತೆ ಕಳಿಸಲು ಹೇಳಿ.

ನೂಲುಗಾತಿ:
ಜೇಬು ಎಷ್ಟಿದೆ ಅಂತಲೂ ಕೇಳಿ.